ಡೊಮೊಡಾ: ಕೋಳಿ ಸಾರಿನೊಳಗಿನ ಶೇಂಗಾ ಚರಿತ್ರೆ

ಯೂಟ್ಯೂಬಿನಲ್ಲಿ ‘ಆಫ್ರಿಕನ್ ಕ್ರೀಮಿ ಚಿಕನ್ ಕರಿ’ ಎಂದು ಹುಡುಕಿದರೆ ಸಾಲುಸಾಲಾಗಿ ವಿಡಿಯೊಗಳು ಬರುತ್ತವೆ. ಒಬ್ಬರು ಫ್ರೆಶ್ ಕ್ರೀಮ್ ಸುರಿಯುತ್ತಾರೆ, ಇನ್ನೊಬ್ಬರು ಗೋಡಂಬಿ ಪೇಸ್ಟು, ಮತ್ತೊಬ್ಬರು ತೆಂಗಿನ ಹಾಲು. ಮೇಲೊಂದಿಷ್ಟು ಕರಿ ಪೌಡರ್. ಆಫ್ರಿಕಾದಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ. ಈ ಅಡುಗೆ ಅದರಲ್ಲಿ ಯಾವ ದೇಶದ್ದು, ಯಾವ ಊರಿನದು ಎಂದು ಹೇಳುವವರು ಕಡಿಮೆ. ನಮ್ಮ ಬಸ್ಸಾರು, ಜಪಾನಿನ ಮೀನು, ಇರಾನಿನ ಪುಲಾವು ಮೂರಕ್ಕೂ ಸೇರಿಸಿ ‘ಏಷ್ಯನ್ ಊಟ’ ಎಂದು ಚೀಟಿ ಅಂಟಿಸಿದರೆ ನಮಗೆ ಹೇಗನ್ನಿಸುತ್ತದೆ, ಹೇಳಿ.

ತೆಂಗಿನ ಹಾಲಿನ ಕೋಳಿ ಪೂರ್ವ ಆಫ್ರಿಕಾದ ಮೊಂಬಾಸಾ, ಜಾಂಜಿಬಾರ್ ಕಡೆಯದು. ಅದರ ಕಥೆ ಬೇರೆ. ನಾನು ಹೇಳಹೊರಟಿರುವುದು ಖಂಡದ ಇನ್ನೊಂದು ಬದಿಯ, ಪಶ್ಚಿಮ ಆಫ್ರಿಕಾದ ಅಡುಗೆಯ ಬಗ್ಗೆ. ಗ್ಯಾಂಬಿಯಾದಲ್ಲಿ ಇದಕ್ಕೆ ಡೊಮೊಡಾ ಎನ್ನುತ್ತಾರೆ. ಪಕ್ಕದ ಸೆನೆಗಲ್‌ನಲ್ಲಿ ಮಾಫೆ, ಮಾಲಿಯಲ್ಲಿ ತಿಗಾದೆಗೆನಾ, ಘಾನಾದಲ್ಲಿ ಎನ್‌ಕಾತೆನ್‌ಕ್ವಾನ್. ಬಂಬಾರಾ ಭಾಷೆಯಲ್ಲಿ ‘ತಿಗಾ’ ಎಂದರೆ ಶೇಂಗಾ, ‘ದೆಗೆ’ ಎಂದರೆ ಅರೆದ ಮುದ್ದೆ, ‘ನಾ’ ಎಂದರೆ ಸಾರು. ಹೆಸರಿನಲ್ಲೇ ರೆಸಿಪಿ ಇದೆ. ಇದರಲ್ಲಿ ಹಾಲಿಲ್ಲ, ಕೆನೆಯಿಲ್ಲ, ಬೆಣ್ಣೆಯಿಲ್ಲ. ಆ ಕೆನೆಯಂಥ ದಪ್ಪ ಪೂರ್ತಿ ಶೇಂಗಾದಿಂದ ಬರುವುದು.

ನಮ್ಮ ಬಯಲುಸೀಮೆಯವರಿಗೆ, ಉತ್ತರ ಕರ್ನಾಟಕದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎಣ್ಣೆಗಾಯಿ ಬದನೆಕಾಯಿಗೆ ಶೇಂಗಾ ಪುಡಿ ತುಂಬಿ ಸಣ್ಣ ಉರಿಯಲ್ಲಿಟ್ಟರೆ ಗ್ರೇವಿ ತಾನಾಗಿ ಗಟ್ಟಿಯಾಗಿ ಮೇಲೆ ಎಣ್ಣೆ ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಹೈದರಾಬಾದಿಗೆ ಬಂದ ಮೇಲೆ ಮಿರ್ಚಿ ಕಾ ಸಾಲನ್, ಬಘಾರಾ ಬೈಂಗನ್ ತಿಂದಾಗಲೂ ಅದೇ ರುಚಿಯ ಗುರುತು ಸಿಕ್ಕಿತು. ಶೇಂಗಾ ನಮ್ಮದೇ ಎಂದು ನಾವು ಅಂದುಕೊಂಡಿದ್ದೇವೆ, ಗ್ಯಾಂಬಿಯಾದವರು ಅವರದೇ ಎಂದು ಅಂದುಕೊಂಡಿದ್ದಾರೆ. ಹಾಗೆ ನೋಡಿದರೆ ಇಬ್ಬರದೂ ಅಲ್ಲ.

ಶೇಂಗಾ ದಕ್ಷಿಣ ಅಮೆರಿಕದ ಗಿಡ. ಇವತ್ತಿನ ಬೊಲಿವಿಯಾ, ಅರ್ಜೆಂಟಿನಾ ಗಡಿಯ ಕಡೆ ಎರಡು ಕಾಡು ಜಾತಿಗಳು ಬೆರೆತು ಹುಟ್ಟಿದ್ದು. ಪೆರು ದೇಶದ ಸಿಪಾನ್ ಎಂಬಲ್ಲಿ 1987ರಲ್ಲಿ ಮೋಚೆ ಜನಾಂಗದ ಒಬ್ಬ ಅರಸನ ಸಮಾಧಿ ಸಿಕ್ಕಿತು. ಅದರಲ್ಲಿ ಚಿನ್ನ ಮತ್ತು ಬೆಳ್ಳಿಯ ಶೇಂಗಾಕಾಯಿಗಳನ್ನು ಪೋಣಿಸಿದ ಕಂಠಹಾರವಿತ್ತು. (ನಮ್ಮಲ್ಲಿ ಮಾವಿನಕಾಯಿ ಸರ ಇದೆ, ಕಾಸಿನ ಸರ ಇದೆ. ಶೇಂಗಾ ಸರ ಯಾವ ಅಕ್ಕಸಾಲಿಗನಿಗೂ ಹೊಳೆಯಲಿಲ್ಲ ನೋಡಿ.) ಅಲ್ಲಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಇದು ಪಶ್ಚಿಮ ಆಫ್ರಿಕಾದ ತೀರಕ್ಕೆ ಬಂತು. ನಮ್ಮ ಕಡೆಗೆ ಬೇರೆ ಬೇರೆ ದಾರಿಯಲ್ಲಿ ಬಂದಿರಬೇಕು. ಚೆನ್ನೈಯಲ್ಲಿರುವ ಸದಸ್ಯೆಯರಿಗೆ ಗೊತ್ತಿರುತ್ತದೆ, ತಮಿಳಿನಲ್ಲಿ ಇದಕ್ಕೆ ‘ಮಣಿಲಾ ಕೊಟ್ಟೈ’ ಎಂಬ ಹೆಸರೂ ಇದೆ. ಫಿಲಿಪೀನ್ಸಿನ ಮನಿಲಾ ಅದರಲ್ಲಿ ಉಳಿದುಬಿಟ್ಟಿದೆ. ಬಂಗಾಳಿಯವರು ‘ಚೀನಾ ಬಾದಾಮ್’ ಎನ್ನುತ್ತಾರೆ. ನಮ್ಮ ಕರಾವಳಿಯವರ ‘ನೆಲಗಡಲೆ’ ಮಾತ್ರ ಊರು ಹೇಳದೆ ಗುಣ ಹೇಳುತ್ತದೆ, ನೆಲದೊಳಗಿನ ಕಡಲೆ ಎಂದು.

ಈ ನೆಲಗಡಲೆ ಎಂಬ ಮಾತಿಗೆ ಒಂದು ಹಳೆಯ ಜೊತೆಗಾರನಿದ್ದಾನೆ. ಇಬ್ನ್ ಬತೂತ ಎಂಬ ಮೊರಾಕ್ಕೋದ ಪ್ರವಾಸಿ 1352ರಲ್ಲಿ ಸಹಾರಾ ದಾಟಿ ಮಾಲಿ ಸಾಮ್ರಾಜ್ಯಕ್ಕೆ ಹೋದ. ಅಲ್ಲಿನ ಜನ ನೆಲದಿಂದ ಅವರೆಯಂಥ ಕಾಳು ಅಗೆದು ತೆಗೆದು ಹುರಿದು ತಿನ್ನುತ್ತಾರೆ, ರುಚಿ ಹುರಿಗಡಲೆಯ ಹಾಗಿರುತ್ತದೆ ಎಂದು ಬರೆದ. ಕೊಲಂಬಸ್ ಅಮೆರಿಕಕ್ಕೆ ಹೋಗಲು ಇನ್ನೂ 140 ವರ್ಷವಿತ್ತು. ಹಾಗಾಗಿ ಅದು ಶೇಂಗಾ ಆಗಿರಲು ಸಾಧ್ಯವಿಲ್ಲ. ಅದು ಬಂಬಾರಾ ಕಾಳು, ಆಫ್ರಿಕಾದ ನೆಲದಲ್ಲೇ ಹುಟ್ಟಿದ, ಶೇಂಗಾದಂತೆಯೇ ಮಣ್ಣಿನೊಳಗೆ ಕಾಯಿ ಬಿಡುವ ಇನ್ನೊಂದು ಗಿಡ. ಇದೇ ಇಬ್ನ್ ಬತೂತ ಅದಕ್ಕೆ ಹತ್ತು ವರ್ಷ ಮೊದಲು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು, ಬೇರೆಲ್ಲೂ ಇದನ್ನು ಕಾಣಲಿಲ್ಲ ಎಂದು ಬರೆದಿಟ್ಟಿದ್ದಾನೆ. ಇದು ಈ ಲೇಖನಕ್ಕೆ ಸಂಬಂಧಿಸಿದ್ದಲ್ಲ. ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಹೇಳದೆ ಬಿಡಲು ಮನಸ್ಸಾಗಲಿಲ್ಲ ಅಷ್ಟೆ.

ಬಂಬಾರಾ ಕಾಳು ಮೊದಲೇ ಇದ್ದದ್ದರಿಂದ ಶೇಂಗಾ ಬಂದಾಗ ಅಲ್ಲಿನ ಹೆಂಗಸರು ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನೂ ಇರಲಿಲ್ಲ. ಬಿತ್ತುವುದು, ಅಗೆಯುವುದು, ಒಣಗಿಸುವುದು, ಒರಳಿನಲ್ಲಿ ಕುಟ್ಟುವುದು ಎಲ್ಲವೂ ಕೈಗೆ ಗೊತ್ತಿತ್ತು. ಹೊಸತೆಂದರೆ ಎಣ್ಣೆ. ಬಂಬಾರಾ ಕಾಳಿನಲ್ಲಿ ಎಣ್ಣೆ ಅತ್ಯಲ್ಪ, ಶೇಂಗಾದಲ್ಲಿ ತೂಕದ ಅರ್ಧದ ಹತ್ತಿರ ಎಣ್ಣೆಯೇ. ಹುರಿದು ಅರೆದರೆ ಪುಡಿಯಾಗದೆ ಮುದ್ದೆಯಾಗುತ್ತದೆ, ನೀರಿಗೆ ಹಾಕಿದರೆ ಹಾಲಿನಂತೆ ಬೆರೆಯುತ್ತದೆ. ಟೊಮೆಟೊ, ಮೆಣಸಿನಕಾಯಿಗಳೂ ಅದೇ ಅಮೆರಿಕದಿಂದ ಬಂದವು. ಕೋಳಿ ನಮ್ಮ ಏಷ್ಯಾದ ಕಾಡುಕೋಳಿಯ ವಂಶದ್ದು, ಆದರೆ ಸಾವಿರ ವರ್ಷಕ್ಕೂ ಹಿಂದೆಯೇ ಅಲ್ಲಿಗೆ ತಲುಪಿತ್ತು. ಇಷ್ಟೂ ಪರದೇಶಿಗಳನ್ನು ಒಂದು ಪಾತ್ರೆಗೆ ಹಾಕಿ ತಮ್ಮದು ಮಾಡಿಕೊಂಡವರು ಆ ಹೆಂಗಸರು. ಅಮೆರಿಕದ ಕಾರ್ವರ್ ಪೀನಟ್ ಬಟರ್ ಕಂಡುಹಿಡಿದ ಎಂದು ಹೇಳುವುದುಂಟು. ಅದು ತಪ್ಪು. ಕೆನಡಾದ ಎಡ್ಸನ್ ಎಂಬಾತ 1884ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ಪೇಟೆಂಟ್ ತೆಗೆದುಕೊಳ್ಳಬೇಕೆಂದು ಒರಳಿನ ಮುಂದೆ ಕೂತವರಿಗೆ ಹೊಳೆಯಲಿಲ್ಲ.

ಇಲ್ಲಿಯವರೆಗೆ ಇದು ಮನೆಯ ಹಿತ್ತಲಿನ ಬೆಳೆ. ಊರೂರನ್ನೇ ಶೇಂಗಾ ಹೊಲ ಮಾಡಿದ್ದು ಸಾಬೂನು.

ದಕ್ಷಿಣ ಫ್ರಾನ್ಸಿನ ಮಾರ್ಸೇ ಸಾಬೂನಿಗೆ ಪ್ರಸಿದ್ಧ ಊರು. ಆಲಿವ್ ಎಣ್ಣೆಯನ್ನು ಬಿಟ್ಟು ಬೇರೆ ಕೊಬ್ಬು ಬಳಸಕೂಡದೆಂದು 1688ರಲ್ಲಿ ರಾಜಾಜ್ಞೆಯೇ ಆಗಿತ್ತು. 19ನೇ ಶತಮಾನದಲ್ಲಿ ಕಾರ್ಖಾನೆಗಳು ಹೆಚ್ಚಿದವು, ಊರುಗಳು ಬೆಳೆದವು, ಬಟ್ಟೆ ಒಗೆಯುವವರೂ ಹೆಚ್ಚಿದರು. ಆಲಿವ್ ಸಾಲಲಿಲ್ಲ. ಬ್ರಿಟಿಷರು ತಾಳೆ ಎಣ್ಣೆಯ ಹಳದಿ ಸಾಬೂನಿಗೆ ಒಗ್ಗಿಕೊಂಡರು. ಫ್ರೆಂಚರಿಗೆ ಆ ಹಳದಿ ಹಿಡಿಸಲಿಲ್ಲ. ಅವರಿಗೆ ಬಣ್ಣ ಬಿಡದ ಎಣ್ಣೆ ಬೇಕಾಯಿತು, ಅದು ಶೇಂಗಾದಲ್ಲಿ ಸಿಕ್ಕಿತು. 1830ರ ಸುಮಾರಿಗೆ ಗ್ಯಾಂಬಿಯಾದಿಂದ ಮೊದಲ ಬುಟ್ಟಿಗಳು ಹಡಗು ಹತ್ತಿದವು, ಹತ್ತು ವರ್ಷದಲ್ಲಿ ಸೆನೆಗಲ್ ಸೇರಿಕೊಂಡಿತು. ಗ್ಯಾಂಬಿಯಾ ಬ್ರಿಟಿಷರ ಕೈಯಲ್ಲಿತ್ತು, ಆದರೂ ಅಲ್ಲಿನ ಶೇಂಗಾ ಹೆಚ್ಚಾಗಿ ಹೋಗುತ್ತಿದ್ದದ್ದು ಫ್ರಾನ್ಸಿಗೆ. ಪ್ಯಾರಿಸ್ಸಿನ ಮನೆಯೊಂದರಲ್ಲಿ ಬಿಳಿಯ ಅಂಗಿ ಬಿಳಿಯಾಗಿರಲೆಂದು ಒಂದು ನಾಡಿನ ಬೇಸಾಯ ಬದಲಾಯಿತು ಎಂದರೆ ಅತಿಶಯೋಕ್ತಿ ಎನಿಸಬಹುದು, ಆದರೆ ನಡೆದದ್ದು ಬಹುತೇಕ ಹಾಗೆಯೇ.

ಶೇಂಗಾ ವ್ಯಾಪಾರವನ್ನು ಆಗಿನವರು ಗುಲಾಮರ ವ್ಯಾಪಾರಕ್ಕೆ ಬದಲಿಯಾದ ‘ನ್ಯಾಯವಾದ ವ್ಯಾಪಾರ’ ಎಂದು ಕೊಂಡಾಡಿದರು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿತು, ಫ್ರಾನ್ಸ್ 1848ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. ಕಾಗದದ ಮೇಲೆ ಸರಿ. ಆದರೆ ಶೇಂಗಾ ಹೊಲಕ್ಕೆ ಆಳು ಬೇಕಲ್ಲ? ಒಳನಾಡಿನಿಂದ ತಂದ ಗುಲಾಮರು ಆ ಹೊಲಗಳಲ್ಲಿ ಇನ್ನೂ ಎಷ್ಟೋ ದಶಕ ದುಡಿದರು, ಅಧಿಕಾರಿಗಳು ಕಂಡೂ ಕಾಣದಂತಿದ್ದರು. ಫ್ರೆಂಚಿನಲ್ಲಿ ಗುಲಾಮರ ವ್ಯಾಪಾರಕ್ಕೆ ‘ಲಾ ತ್ರೇತ್’ ಎನ್ನುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಶೇಂಗಾ ಖರೀದಿಯ ಹಂಗಾಮಿಗೂ ಅದೇ ಪದ ಅಂಟಿಕೊಂಡಿತು. ಪದ ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಬಂದರಿಗೆ ಶೇಂಗಾ ಸಾಗಿಸಲು ಡಕಾರ್‌ನಿಂದ ಸೇಂಟ್ ಲೂಯಿಗೆ ರೈಲು ಹಾಕಿದರು, 1885ರಲ್ಲಿ ಓಡಾಟ ಶುರುವಾಯಿತು. ದಾರಿಯಲ್ಲಿದ್ದ ಕಾಯೋರ್ ಸೀಮೆಯ ದೊರೆ ಲಾತ್ ಜೋರ್ ಇದನ್ನು ವಿರೋಧಿಸಿದ. ರೈಲು ಬಂದರೆ ರಾಜ್ಯ ಹೋಗುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಮರುವರ್ಷ, 1886ರಲ್ಲಿ, ಫ್ರೆಂಚರೊಂದಿಗಿನ ಕಾಳಗದಲ್ಲಿ ಸತ್ತ. ಸೆನೆಗಲ್‌ನಲ್ಲಿ ಇವತ್ತಿಗೂ ಅವನು ರಾಷ್ಟ್ರವೀರ. ನಮ್ಮ ಸಂಗೊಳ್ಳಿ ರಾಯಣ್ಣನ ಹಾಗೆ ಎಂದು ಬರೆಯಲು ಕೈ ಮುಂದಾಗುತ್ತದೆ, ಆದರೆ ರಾಯಣ್ಣ ದೊರೆಯಲ್ಲ, ಇವನಿಗೆ ದೊರೆತನವೂ ಅದರ ಲೆಕ್ಕಾಚಾರಗಳೂ ಇದ್ದವು.

ಇಲ್ಲಿ ನಮ್ಮ ದಕ್ಷಿಣ ಭಾರತವೂ ಕಥೆಯೊಳಗೆ ಬರುತ್ತದೆ. ಶೇಂಗಾಕ್ಕಿಂತ ಮೊದಲು ಫ್ರೆಂಚರು ಸೆನೆಗಲ್ ನದಿಯ ದಡದಲ್ಲಿ ಕೊಳ್ಳುತ್ತಿದ್ದದ್ದು ಅಕೇಶಿಯ ಮರದ ಗೋಂದು. ಅದಕ್ಕೆ ಪ್ರತಿಯಾಗಿ ಕೊಡುತ್ತಿದ್ದದ್ದು ನೀಲಿ ಬಣ್ಣದ ಹತ್ತಿ ಬಟ್ಟೆ, ಹೆಸರು ‘ಗಿನೀ’. ಆ ಬಟ್ಟೆ ನೇಯುತ್ತಿದ್ದದ್ದು, ನೀಲಿಯಲ್ಲಿ ಅದ್ದುತ್ತಿದ್ದದ್ದು ಪುದುಚೇರಿಯಲ್ಲಿ. ನದಿ ದಡದಲ್ಲಿ ಅದು ಬಟ್ಟೆಗಿಂತ ಹೆಚ್ಚಾಗಿ ನಾಣ್ಯದಂತೆ ನಡೆಯಿತು, ಇಷ್ಟು ಗೋಂದಿಗೆ ಇಷ್ಟು ತುಂಡು ಎಂದು. ಮುಂದೆ ಪುದುಚೇರಿಯ ಬಂದರಿನಿಂದಲೇ ತಮಿಳುನಾಡಿನ ಶೇಂಗಾ ಮಾರ್ಸೇಗೆ ಹೋಗತೊಡಗಿತು. ಸೆನೆಗಲ್‌ನ ರೈತ ಮತ್ತು ಆರ್ಕಾಟಿನ ರೈತ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಕಾರ್ಖಾನೆಯ ಬಾಗಿಲಲ್ಲಿ ಪೈಪೋಟಿಗೆ ಬಿದ್ದರು.

ಈ ವ್ಯಾಪಾರ ಅಡುಗೆಮನೆಗೆ ಏನು ಮಾಡಿತು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಗ್ಯಾಂಬಿಯಾದ ಮಾಂಡಿಂಕಾ ಜನರಲ್ಲಿ ಬೇಸಾಯ ಎರಡು ಪಾಲು. ಎತ್ತರದ ಮರಳುಮಣ್ಣಿನಲ್ಲಿ ಶೇಂಗಾ, ಅದು ಗಂಡಸರದು. ನದಿಯ ಜೌಗಿನಲ್ಲಿ ಭತ್ತ, ಅದು ಹೆಂಗಸರದು. ಶೇಂಗಾಕ್ಕೆ ಹಣ ಬಂತು, ಭತ್ತಕ್ಕೆ ಮನೆಯ ಹೊಟ್ಟೆ ಬಂತು. ಗಂಡಸರು ಜೋಳ, ಸಜ್ಜೆ ಬಿಟ್ಟು ಶೇಂಗಾ ಬಿತ್ತಿದಷ್ಟೂ ಮನೆಗೆ ಬೇಕಾದ ಕಾಳಿನ ಭಾರ ಹೆಂಗಸರ ಭತ್ತದ ಮೇಲೆ ಬಿತ್ತು. ಅದು ಸಾಲದಾಗ ಅಂಗಡಿಯಿಂದ ಅಕ್ಕಿ ಸಾಲ ತರಬೇಕು, ಮುಂದಿನ ಸುಗ್ಗಿಯ ಶೇಂಗಾದಲ್ಲಿ ತೀರಿಸಬೇಕು. ಜೂನ್ ಜುಲೈನ ಮಳೆಗೆ ಬಿತ್ತಿ ಅಕ್ಟೋಬರ್ ನವೆಂಬರ್‌ನಲ್ಲಿ ಕೀಳುವ ಬೆಳೆ. ನಡುವಿನ ತಿಂಗಳುಗಳಲ್ಲಿ ಕಣಜ ಖಾಲಿ, ಹೊಲದ ಕೆಲಸ ಮಾತ್ರ ವಿಪರೀತ. ಆ ತಿಂಗಳುಗಳಿಗೆ ಅಲ್ಲಿ ಹಸಿವಿನ ಕಾಲ ಎಂದೇ ಹೆಸರು. ಮಾಲಿ, ಗಿನಿ ಕಡೆಯಿಂದ ಹಂಗಾಮಿನ ಕೂಲಿಗೆ ಯುವಕರು ನಡೆದು ಬರುತ್ತಿದ್ದರು. ವಾರದ ಕೆಲವು ದಿನ ಊರಿಟ್ಟ ಯಜಮಾನನ ಹೊಲದಲ್ಲಿ, ಉಳಿದ ದಿನ ಅವನು ಕೊಟ್ಟ ತುಂಡು ನೆಲದಲ್ಲಿ ದುಡಿಯುತ್ತಿದ್ದರು. ಅವರಿಗೂ ಆ ಮನೆಯ ಹೆಂಗಸರೇ ಬೇಯಿಸಿ ಹಾಕಬೇಕು.

ಸೆನೆಗಲ್‌ನಲ್ಲಿ ಫ್ರೆಂಚರು ತಮ್ಮ ಇನ್ನೊಂದು ವಸಾಹತಾದ ಇಂಡೋಚೈನಾದಿಂದ, ಎಂದರೆ ಇವತ್ತಿನ ವಿಯೆಟ್ನಾಂ ಕಡೆಯಿಂದ, ನುಚ್ಚಕ್ಕಿ ತಂದು ಸುರಿದರು. ಶೇಂಗಾ ಬೆಳೆಯುವವನು ಸಜ್ಜೆ ಬೆಳೆಯದಿದ್ದರೂ ನಡೆಯಲಿ ಎಂದು. ಇವತ್ತು ಡಕಾರ್‌ನ ಮನೆಯಲ್ಲಿ ಮಾಫೆ ಬಡಿಸುವುದು ಅನ್ನದ ಮೇಲೆ, ನುಚ್ಚಕ್ಕಿಯ ಅನ್ನವೆಂದರೆ ಅವರಿಗೆ ಇನ್ನೂ ಇಷ್ಟ. ನಮ್ಮಲ್ಲಿ ನುಚ್ಚು ಎಂದರೆ ಅಗ್ಗದ ಸರಕು, ಅಲ್ಲಿ ಅದೇ ನಾಜೂಕು. ಒಂದು ಪ್ಲೇಟಿನಲ್ಲಿ ಇಡೀ ಸಾಮ್ರಾಜ್ಯದ ಸರಕುಪಟ್ಟಿ ಇದೆ ಎಂದರೂ ಸರಿಯೇ. ಆದರೆ ಆ ಪ್ಲೇಟಿಗೆ ರುಚಿ ಬಂದದ್ದು ವ್ಯಾಪಾರಿಯಿಂದಲ್ಲ. ಮೂಟೆಗೆ ತುಂಬಿ ಉಳಿದ ಶೇಂಗಾವನ್ನು ಕುಟ್ಟಿ, ಇದ್ದ ಒಂದು ಕೋಳಿ ಅಥವಾ ಒಣಮೀನನ್ನು ಹತ್ತು ಜನಕ್ಕೆ ಸಾಕಾಗುವಷ್ಟು ದಪ್ಪ ಸಾರಿನಲ್ಲಿ ಹಿಗ್ಗಿಸಿದ್ದು ಹೆಂಗಸರು. ನಮ್ಮಜ್ಜಿ ಒಂದು ಹಿಡಿ ಶೇಂಗಾ ಅರೆದು ಹಾಕಿ ಸಾರು ‘ಏಳಿಸುತ್ತಿದ್ದ’ ಹಾಗೆ.

ಇದೇ ರೈಲು ಮುಂದೆ ನೈಜರ್ ನದಿಯವರೆಗೆ ಬೆಳೆಯಿತು. 1947ರ ಅಕ್ಟೋಬರ್‌ನಿಂದ 1948ರ ಮಾರ್ಚ್‌ವರೆಗೆ ಅದರ ಆಫ್ರಿಕನ್ ಕಾರ್ಮಿಕರು ಸಮಾನ ಸವಲತ್ತಿಗಾಗಿ ಮುಷ್ಕರ ಹೂಡಿದರು. ಸೆನೆಗಲ್‌ನ ಲೇಖಕ ಉಸ್ಮಾನ್ ಸೆಂಬೆನ್ ಆ ಮುಷ್ಕರದ ಮೇಲೆ 1960ರಲ್ಲಿ ಬರೆದ ಕಾದಂಬರಿ ಇಂಗ್ಲಿಷಿನಲ್ಲಿ ‘ಗಾಡ್ಸ್ ಬಿಟ್ಸ್ ಆಫ್ ವುಡ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರಲ್ಲಿ ಸಂಬಳವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಅಂಗಡಿಯವ ಸಾಲ ಕೊಡುವುದಿಲ್ಲ. ಆ ದಿನಗಳಲ್ಲಿ ಮನೆ ನಡೆಸುವ ಹೆಂಗಸರು ಕೊನೆಗೆ ತಿಯೆಸ್ ಪಟ್ಟಣದಿಂದ ಡಕಾರ್‌ವರೆಗೆ ನಡೆದು ಹೋಗುತ್ತಾರೆ. ನಮ್ಮ ವೇದಿಕೆಯ ಪುಸ್ತಕ ಓದುವ ಗುಂಪಿಗೆ ನಾನು ಇದನ್ನು ಜೋರಾಗಿ ಶಿಫಾರಸು ಮಾಡುತ್ತೇನೆ.

ಬ್ರಿಟಿಷರ ಎರಡು ಪ್ರಸಂಗಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಉತ್ತರ ನೈಜೀರಿಯಾದ ಕಾನೋಗೆ ಹತ್ತಿ ಬೆಳೆಸಬೇಕೆಂಬ ಆಸೆಯಿಂದ 1911–12ರ ಹೊತ್ತಿಗೆ ರೈಲು ತಂದರು. ಅಲ್ಲಿನ ಹೌಸಾ ರೈತರು ಲೆಕ್ಕ ಹಾಕಿ ಶೇಂಗಾ ಬೆಳೆದರು. ಬೆಲೆ ಬಿದ್ದರೆ ಶೇಂಗಾ ತಿನ್ನಬಹುದು, ಹತ್ತಿ ತಿನ್ನಲಾದೀತೇ! ಮುಂದೆ ಕಾನೋದ ಶೇಂಗಾ ಮೂಟೆಗಳ ಪಿರಮಿಡ್ಡುಗಳು ಹೆಸರಾದವು. ಮನೆಯಲ್ಲಿ ಹೆಂಗಸರು ಶೇಂಗಾದಿಂದ ಕೈಯಲ್ಲೇ ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಉಂಡೆ, ಬಳೆಯಾಕಾರ ಮಾಡಿ ಅದೇ ಎಣ್ಣೆಯಲ್ಲಿ ಕರಿದು ‘ಕುಲಿ ಕುಲಿ’ ಎಂದು ಮಾರುತ್ತಾರೆ. ನಾವು ಎಮ್ಮೆಗೆ ಹಾಕುವುದನ್ನು ಅವರು ಕುರುಕಲು ತಿಂಡಿ ಮಾಡಿದ್ದಾರೆ. ಎರಡನೆಯದು ತಾಂಗನ್ಯಿಕಾ, ಇವತ್ತಿನ ತಾಂಜಾನಿಯಾ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಎಣ್ಣೆ, ಕೊಬ್ಬಿಗೆ ರೇಷನ್. ಲಕ್ಷಗಟ್ಟಲೆ ಎಕರೆ ಶೇಂಗಾ ಬೆಳೆಯುತ್ತೇವೆಂದು 1947ರಲ್ಲಿ ಕೊಂಗ್ವಾ ಎಂಬಲ್ಲಿ ಸರ್ಕಾರ ಶುರು ಮಾಡಿತು. ಸಮೀಕ್ಷೆ ನಡೆದದ್ದು ಕೆಲವೇ ವಾರ. ಬಾವೊಬಾಬ್ ಮರದ ಬೇರು ಕೀಳಲಾಗದೆ ಟ್ರ್ಯಾಕ್ಟರುಗಳು ಮುರಿದವು, ಮಳೆ ನಿಂತ ಮೇಲೆ ಜೇಡಿಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಕಾಯಿ ಅಗೆಯಲೂ ಬರಲಿಲ್ಲ. 1951ರಲ್ಲಿ ಸುಮಾರು 3.6 ಕೋಟಿ ಪೌಂಡು ಕೈಬಿಟ್ಟು ಬಾಗಿಲು ಹಾಕಿದರು. ಪೈಲಟ್ ಮಾಡದೆ ನೇರ ಪ್ರೊಡಕ್ಷನ್‌ಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಐಟಿಯವರು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ನಾನು ಚಳ್ಳಕೆರೆಯವಳು. ಶೇಂಗಾ ಎಣ್ಣೆಯ ಮಿಲ್ಲುಗಳಿಂದಾಗಿ ‘ಎಣ್ಣೆ ನಗರಿ’ ಎಂದೇ ಕರೆಸಿಕೊಂಡ ಊರು. ತೊಂಬತ್ತರ ದಶಕದಲ್ಲಿ ಸರ್ಕಾರ ಖಾದ್ಯ ತೈಲದ ಆಮದನ್ನು ಸಡಿಲಗೊಳಿಸಿತು, ಮಲೇಶಿಯಾ, ಇಂಡೋನೇಶಿಯಾಗಳಿಂದ ಪಾಮಾಯಿಲ್ ಅಗ್ಗಕ್ಕೆ ಬಂತು, ನಮ್ಮೂರಿನ ಎಷ್ಟೋ ಮಿಲ್ಲುಗಳ ಚಿಮಣಿ ಆರಿತು. ನಾನು ಶಾಲೆಗೆ ಹೋಗುತ್ತಿದ್ದ ದಾರಿಯಲ್ಲಿ ಮೊದಲು ಹುರಿದ ಶೇಂಗಾದ ಘಮ, ಆಮೇಲೆ ಬೀಗ. ಆ ತಾಳೆ ಮರ ಮೂಲತಃ ಎಲ್ಲಿಯದು ಗೊತ್ತೇ? ಪಶ್ಚಿಮ ಆಫ್ರಿಕಾದ್ದೇ. ಡಚ್ಚರು 1848ರಲ್ಲಿ ಅದರ ನಾಲ್ಕು ಸಸಿಗಳನ್ನು ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನೆಟ್ಟರು, ಆಗ್ನೇಯ ಏಷ್ಯಾದ ತೋಟಗಳ ಕಥೆ ಅಲ್ಲಿಂದ ಶುರು. ದಕ್ಷಿಣ ಅಮೆರಿಕದ ಗಿಡ ಸೆನೆಗಲ್‌ನಲ್ಲಿ ಸಜ್ಜೆಯನ್ನು ಬದಿಗೊತ್ತಿತು, ಆಫ್ರಿಕಾದ ಮರ ಚಳ್ಳಕೆರೆಯಲ್ಲಿ ಆ ಗಿಡವನ್ನೇ ಬದಿಗೊತ್ತಿತು. ಈ ಎರಡರಲ್ಲಿ ಯಾವುದನ್ನೂ ನಿರ್ಧರಿಸಿದ್ದು ಬೆಳೆಯುವವರಲ್ಲ, ಬೇಯಿಸುವವರೂ ಅಲ್ಲ.

ಈಗ ಒಲೆ ಹಚ್ಚೋಣ. ಡೊಮೊಡಾ ನನಗೆ ಕಲಿಸಿದವಳು ಎಂ.ಟೆಕ್‌ನಲ್ಲಿ ನನ್ನ ಸಹಪಾಠಿಯಾಗಿದ್ದ ಗ್ಯಾಂಬಿಯಾದ ಹುಡುಗಿ. ಮೂರು ಮನೆ ಮಾಲೀಕರು ಅವಳ ಮುಖ ನೋಡಿಯೇ ‘ಖಾಲಿ ಇಲ್ಲ’ ಎಂದ ಮೇಲೆ ನಮ್ಮ ಬಾಡಿಗೆ ಫ್ಲ್ಯಾಟಿನ ಮೂರನೇ ರೂಮಿಗೆ ಬಂದಳು. ‘ಆಫ್ರಿಕನ್ ಕರಿ ಮಾಡೇ’ ಎಂದು ನಾವು ಪೀಡಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಒಳ್ಳೆ ಶೇಂಗಾ ಎಲ್ಲಿ ಸಿಗುತ್ತೆ?’ ನಾನು ಊರಿಂದ ತಂದಿದ್ದ ಚೀಲ ತೋರಿಸಿದೆ. ಮುಷ್ಟಿ ತುಂಬ ತೆಗೆದು ಮೂಸಿ ನೋಡಿದಳು, ಮುದುಡಿದ್ದು, ಬಣ್ಣ ಕೆಟ್ಟಿದ್ದು ಆರಿಸಿ ಎಸೆದಳು. ಅಮ್ಮನೂ ಹಾಗೇ ಆರಿಸುತ್ತಾಳೆ. ಇಬ್ಬರಿಗೂ ಕಾರಣ ಕಹಿ ಎಂಬುದು. ನಿಜವಾದ ಕಾರಣ ಇನ್ನೂ ದೊಡ್ಡದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಜಗತ್ತಿಗೆ ಅದು ಗೊತ್ತಾಯಿತು. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು. ಆರಿಸುವ ಕೆಲಸ ದಯವಿಟ್ಟು ಬಿಡಬೇಡಿ. ನಮ್ಮ ಹೈದರಾಬಾದಿನ ಹೊರಗೆ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಭಾರತಕ್ಕೂ ಪಶ್ಚಿಮ ಆಫ್ರಿಕಾಕ್ಕೂ ಸೇರಿ ಶೇಂಗಾದ ಮೇಲೆ ಕೆಲಸ ಮಾಡುತ್ತದೆ. ಈ ವಿಷವೂ ಅವರ ಕೆಲಸದ ಒಂದು ಭಾಗ.

ಒಂದು ಕೆಜಿ ಕೋಳಿಗೆ 200 ಗ್ರಾಂ ಶೇಂಗಾ ಸಾಕು. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿ. ಚಟ್ನಿಪುಡಿಯ ಹಂತದಲ್ಲಿ ನಿಲ್ಲಿಸಬೇಡಿ. ನಿಲ್ಲಿಸಿ ನಿಲ್ಲಿಸಿ ತಿರುಗಿಸುತ್ತಾ ಹೋದರೆ ಎಣ್ಣೆ ಬಿಟ್ಟು ಹೊಳೆಯುವ ಮುದ್ದೆಯಾಗುತ್ತದೆ. ನೀರು ಹಾಕಬಾರದು. ಡಬ್ಬಿಯ ಪೀನಟ್ ಬಟರ್ ಬಳಸುವುದಾದರೆ ಸಕ್ಕರೆ ಇಲ್ಲದ್ದನ್ನೇ ತನ್ನಿ, ಇಲ್ಲದಿದ್ದರೆ ಸಾರು ಪಾಯಸದ ದಾರಿ ಹಿಡಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ ಹಾಕಿ ಕೋಳಿಯನ್ನು ಉಪ್ಪಿನೊಂದಿಗೆ ಕೆಂಪಗೆ ಮಾಡಿ ತೆಗೆದಿಡಿ. ಅದೇ ಎಣ್ಣೆಯಲ್ಲಿ ಎರಡು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಆಮೇಲೆ ನಾಲ್ಕು ಹಣ್ಣು ಟೊಮೆಟೊ. ಟೊಮೆಟೊದ ನೀರು ಪೂರ್ತಿ ಇಂಗಿ ಬಣ್ಣ ಗಾಢವಾಗಬೇಕು, ಅವಸರ ಬೇಡ. ಅರಿಶಿನ, ಧನಿಯಾ, ಗರಂ ಮಸಾಲೆ ಯಾವುದೂ ಇಲ್ಲ. ನನ್ನ ಕೈ ಮಸಾಲೆ ಡಬ್ಬಿಯ ಕಡೆ ಹೋದಾಗ ಅವಳು ಡಬ್ಬಿಯನ್ನೇ ಎತ್ತಿ ಫ್ರಿಜ್ ಮೇಲಿಟ್ಟಳು.

ಶೇಂಗಾ ಮುದ್ದೆಯನ್ನು ಬಿಸಿನೀರಿನಲ್ಲಿ ಕದಡಿ ದೋಸೆ ಹಿಟ್ಟಿನ ಹದಕ್ಕೆ ತಂದು ಪಾತ್ರೆಗೆ ಸೇರಿಸಿ, ಕೋಳಿ ಹಾಕಿ, ಒಟ್ಟು ಒಂದು ಲೀಟರಿನಷ್ಟು ನೀರು. ಎರಡು ಹಸಿಮೆಣಸಿನಕಾಯಿ ಸೀಳದೆ ಇಡಿಯಾಗಿ ಬಿಡಿ, ಘಮ ಬರುತ್ತದೆ, ಖಾರ ಮಿತಿಯಲ್ಲಿರುತ್ತದೆ. ಸಿಹಿಗುಂಬಳದ ದೊಡ್ಡ ಹೋಳುಗಳು, ಬೇಕಿದ್ದರೆ ಗೆಣಸು. ಕುಕ್ಕರ್ ತೆಗೆಯಲು ಹೋದರೆ ಅವಳು ಬೇಡವೆಂದಳು. ಮುಚ್ಚಳ ಅರ್ಧ ಓರೆ ಮಾಡಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಆಗಾಗ ತಳ ಕೆರೆಯುತ್ತಿರಬೇಕು, ಶೇಂಗಾ ಬೇಗ ತಳ ಹಿಡಿಯುತ್ತದೆ. ಮೊದಲು ನೀರುನೀರಾಗಿ ಕಾಣುತ್ತದೆ, ನಂತರ ಪಿಷ್ಟ, ಪ್ರೋಟೀನು ನೀರು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಕೊನೆಗೆ ಮೇಲೆ ಕೆಂಪು ಎಣ್ಣೆಯ ಕಣ್ಣುಗಳು ತೇಲುತ್ತವೆ. ಆ ಎಣ್ಣೆ ಕಂಡರೆ ಆಯಿತು ಎಂದರ್ಥ. ಒಲೆ ಆರಿಸಿ ಒಂದು ನಿಂಬೆಹಣ್ಣು ಹಿಂಡಿ. ಕೋಳಿ ತಿನ್ನದವರು ಬದನೆಕಾಯಿ, ಕುಂಬಳ, ಬೆಂಡೆಕಾಯಿಯಲ್ಲಿ ಹೀಗೇ ಮಾಡಬಹುದು. ಕೋಳಿ ಕೊಳ್ಳಲಾಗದ ದಿನಗಳು ಅಲ್ಲಿ ಬೇಕಾದಷ್ಟಿದ್ದುದರಿಂದ ಅದಕ್ಕೂ ಹಳೆಯ ಪರಂಪರೆಯಿದೆ.

ಶೇಂಗಾ ಮುದ್ದೆಯ ಈ ಗುಣ, ಎಣ್ಣೆಯೇ ಹೆಚ್ಚಿದ್ದು ನೀರು ಅತಿ ಕಡಿಮೆ ಇರುವುದು, ಇನ್ನೊಂದು ಕಡೆಯೂ ಕೆಲಸಕ್ಕೆ ಬಂದಿದೆ. 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಜೊತೆಗಾರರು ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಶೇಂಗಾ ಮುದ್ದೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ ‘ಪ್ಲಂಪಿನಟ್’ ತಯಾರಿಸಿದರು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸುವಂತಿಲ್ಲವಾದ್ದರಿಂದ ಕೊಳಕು ನೀರಿನ ಭಯವಿಲ್ಲ, ಮಗು ಆಸ್ಪತ್ರೆಯಲ್ಲಿರದೆ ತಾಯಿಯ ಮಡಿಲಲ್ಲೇ ತಿನ್ನಬಹುದು. 2005ರಲ್ಲಿ ನೈಜರ್ ದೇಶದ ಹಸಿವಿನ ಕಾಲದಲ್ಲಿ ಸಾವಿರಾರು ಮಕ್ಕಳು ಇದರಿಂದ ಚೇತರಿಸಿಕೊಂಡರು.

ಡೊಮೊಡಾ ತಿನ್ನುವ ಕ್ರಮ ಒಂದು ಉಳಿಯಿತು. ಅಲ್ಲಿ ತಟ್ಟೆಗಳಿಲ್ಲ, ಒಂದೇ ದೊಡ್ಡ ಬೋಗುಣಿ. ಅನ್ನ ಹರಡಿ ಮೇಲೆ ಸಾರು ಸುರಿದು, ಕೋಳಿ ತುಂಡುಗಳನ್ನು ನಡುವೆ ಇಟ್ಟು, ಸುತ್ತ ಕೂತು ಬಲಗೈಯಲ್ಲಿ ತಮ್ಮ ತಮ್ಮ ಎದುರಿನ ಭಾಗದಿಂದಲೇ ತಿನ್ನಬೇಕು. ನಡುವಿನ ತುಂಡಿಗೆ ಯಾರೂ ಕೈ ಚಾಚುವಂತಿಲ್ಲ. ಮನೆಯ ಹಿರಿಯ ಹೆಂಗಸು ಬೆರಳಿನಲ್ಲಿ ಮಾಂಸ ಬಿಡಿಸಿ ಒಬ್ಬೊಬ್ಬರ ಕಡೆಗೂ ದೂಡುತ್ತಾಳೆ. ಆ ದಿನ ನಮ್ಮ ಬಳಿ ಬೋಗುಣಿ ಇರಲಿಲ್ಲ, ಹಿಟ್ಟು ನಾದುವ ಪರಾತದಲ್ಲೇ ಬಡಿಸಿದೆವು. ಎದುರು ಮನೆಯ ಆಂಟಿ ಮೊಸರಿನ ಪಾತ್ರೆ ವಾಪಸು ಕೇಳಲು ಬಂದವರು ಬಾಗಿಲಲ್ಲೇ ನಿಂತರು. ‘ಬನ್ನಿ ಆಂಟಿ, ಕೂತ್ಕೊಳ್ಳಿ’ ಎಂದು ಸರಿದು ಜಾಗ ಮಾಡಿದ್ದು ಅವಳೇ. ಅವರು ಸಸ್ಯಾಹಾರಿ ಎಂದು ನಾನು ಹೇಳಿದೆ. ಅವಳು ಒಂದು ಬಟ್ಟಲಿಗೆ ಬರೀ ಅನ್ನ ಹಾಕಿ, ಮಿಕ್ಕಿದ್ದ ಶೇಂಗಾ ಮುದ್ದೆಗೆ ಉಪ್ಪು, ನಿಂಬೆರಸ ಕಲಸಿ ಮೇಲಿಟ್ಟು ಕೊಟ್ಟಳು. ಆಂಟಿ ಒಂದು ತುತ್ತು ತಿಂದು, ‘ಇದು ನಮ್ಮ ಪಲ್ಲೀಲ ಪಚ್ಚಡಿ ಕಣಮ್ಮಾ, ಒಗ್ಗರಣೆ ಮರೆತಿದ್ದೀರಿ ಅಷ್ಟೆ’ ಎಂದರು.